ಕಾಲುವೆ ದಾರಿಯ ಕಂಡಕ್ಟರ್ ಮೆಹರಬಾನು

ಕಾಲುವೆ ಸೇತುವೆಯ ಏರಿನಲ್ಲಿ ಬಸ್ಸು ಎರಡನೇ ಗೇರಿಗೆ ಬೀಳುವಾಗ ಹೊರಡುವ ಸದ್ದು ಅದು. ಮೊದಲು ಹಲ್ಲು ಕಡಿದಂತೆ ಕಟಕಟ, ಆಮೇಲೆ ಎದೆಯಾಳದಿಂದ ಎದ್ದ ಉದ್ದನೆಯ ನರಳಿಕೆ. ಗೊರೇಬಾಳ ದಾಟಿ, ಹೆದ್ದಾರಿ ಬಿಟ್ಟು, ಕಾಲುವೆ ದಂಡೆಗೆ ತಿರುಗಿದ ಮೇಲೆ ಆ ಸದ್ದು ಗದ್ದೆಗಳ ನೀರಿನ ಮೇಲೆ ಜಾರಿಕೊಂಡು ಬಹಳ ದೂರ ಹೋಗುತ್ತದೆ. ಅದನ್ನು ಕೇಳಿದ ಹೆಂಗಸರು ಕೈಯಲ್ಲಿದ್ದ ಕೊನೆಯ ಸಸಿ ಊರಿ, ಕಾಲುವೆಗಿಳಿದು ಕೆಸರು ತೊಳೆದು, ಸೀರೆಯ ಅಂಚು ಹಿಂಡುತ್ತ ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಬಂದಿರುತ್ತದೆ. ಬಾಗಿಲಲ್ಲಿ ಕಂಡಕ್ಟರ್ ಮೆಹರಬಾನು ನಿಂತಿರುತ್ತಾಳೆ.

“ಮೊದ್ಲ ಕಾಲು ಝಾಡಿಸ್ರಿ, ಆಮ್ಯಾಲ ಹತ್ರಿ. ನಿಮ್ಮ ಗದ್ದಿ ಮಣ್ಣು ನಮ್ಮ ಬಸ್ಸಿನ್ಯಾಗ ಬ್ಯಾಡ.”

“ಇರ್ಲಿ ಬಿಡು ಯವ್ವಾ, ಬಸ್ಸಿನ್ಯಾಗೂ ಒಂದು ಬೆಳಿ ತಕ್ಕೋ. ಮ್ಯಾಲಿನ ತೂತಿನಿಂದ ನೀರು ಹೆಂಗೂ ಬರ್ತೈತಿ,” ಎನ್ನುತ್ತಾಳೆ ಮುದುಕಮ್ಮ. ಮಸ್ಕಿ ಕಡೆಯ ಒಣಭೂಮಿಯ ಊರಿನಿಂದ ಭತ್ತ ನಾಟಿಗೆ ಬರುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬೆಳಿಗ್ಗೆ ಗದ್ದೆಯವರು ತಮ್ಮ ಗಾಡಿಯಲ್ಲಿ ಕರೆತರುತ್ತಾರೆ. ಸಂಜೆ ಕೆಲಸ ಮುಗಿದ ಮೇಲೆ ಬಿಟ್ಟುಬರುವ ನೆನಪು ಅವರಿಗಿರುವುದಿಲ್ಲ. ಆಗ ಈ ಬಸ್ಸೇ ಗತಿ. ನಾಟಿ ಎಕರೆ ಲೆಕ್ಕದ ಗುತ್ತಿಗೆ, ಬಸ್ಸಿಗೋ ಹೇಳಿದ ಹೊತ್ತಿಗೆ ಬಂದು ರೂಢಿಯಿಲ್ಲ. ಹಾಗಾಗಿ ಸ್ಟಾಪಿನಲ್ಲಿ ಸುಮ್ಮನೆ ನಿಂತು ಕಾಯುವವರು ಯಾರೂ ಇಲ್ಲ. ಕಿವಿಯೇ ಅವರ ಗಡಿಯಾರ.

ಮೆಹರಬಾನು ಹುಟ್ಟಿದ್ದು ಮುದಗಲ್ಲಿನಲ್ಲಿ, ಕೋಟೆಯ ಕೆಳಗಿನ ಓಣಿಯ ಬಳೆ ಮಾರುವವರ ಮನೆಯಲ್ಲಿ. ಅವಳು ಆಪಾ ಎಂದು ಕರೆಯುವ ಅಕ್ಕ ಜಮೀಲಾಬೀ ಮಸ್ಕಿಗೆ ಮದುವೆಯಾಗಿ ಬಂದಳು, ತಂಗಿಯಾದ ಇವಳು ಸಿಂಧನೂರಿಗೆ. ಅಕ್ಕ ತವರಿನ ಕಸುಬು ಬಿಡಲಿಲ್ಲ. ಬಳೆಯ ಮಲಾರ ಹೆಗಲಿಗೇರಿಸಿ ಕಾಲುವೆ ದಂಡೆಯ ಕ್ಯಾಂಪುಗಳನ್ನು, ಅಂದರೆ ನೀರಾವರಿ ಬಂದ ಮೇಲೆ ಎದ್ದ ಹೊಸ ಊರುಗಳನ್ನು, ಸುತ್ತುತ್ತಿದ್ದಳು. ಒಂದು ಸಂಜೆ ಕೂಲಿಯವರನ್ನು ತುಂಬಿಕೊಂಡ ಸಾಮಾನು ಗಾಡಿಯ ಹಿಂದೆ ಜೋತುಬಿದ್ದು ಬರುವಾಗ ಕೈ ಜಾರಿತು. ಮುರಿದ ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಆ ವರ್ಷವೇ ಮೆಹರಬಾನು ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದಳು. ಯಾಕೆಂದು ಯಾರಾದರೂ ಕೇಳಿದರೆ ಸಂಬಳಕ್ಕೆ ಎನ್ನುತ್ತಾಳೆ. ಅದೂ ನಿಜವೇ. ಆದರೆ ಡಿಪೋದಲ್ಲಿ ಯಾರೂ ಬೇಡವೆಂದ ಕಾಲುವೆ ದಾರಿಯನ್ನು ಅವಳು ತಾನಾಗಿ ಕೇಳಿ ಪಡೆದಿದ್ದಳು. ಕುಂಟುವ ಅಕ್ಕ ಇಂದಿಗೂ ಬಳೆ ಮಾರುತ್ತಿದ್ದರೆ ಅದು ಆ ಬಸ್ಸಿನ ದಯೆ.

ಆ ಬಸ್ಸು ಈ ವರ್ಷ ಗುಜರಿಗೆ ಹೋಗುತ್ತದೆ ಎಂದು ಆಷಾಢದಲ್ಲಿ ಸುದ್ದಿ ಬಂತು. ಬದಲಿಗೆ ಬರುವುದು ಕರೆಂಟಿನ ಬಸ್ಸು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕಿಗೆ ಸೇರಿಸಿ ಬಸ್ಸನ್ನೂ ಅದಕ್ಕೆ ಬೇಕಾದ ವಿದ್ಯುತ್ತನ್ನೂ ಒಟ್ಟಿಗೆ ಯೋಚಿಸುವ ಹೊಸ ಯೋಜನೆಯಂತೆ. ಅದನ್ನು ತಯಾರಿಸಲು ಕಲಬುರಗಿಯಿಂದ ಅಂಬಿಕಾ ಎಂಬ ಎಂಜಿನಿಯರ್ ಬಂದಿದ್ದಳು. ಚುರುಕು ಕಣ್ಣಿನ, ಬಿಸಿಲಿಗೆ ಅಂಜದ ಹುಡುಗಿ. ಡಿಪೋದ ಬೇವಿನ ಮರದಡಿ ಕೂತು ಅವಳು ಮೆಹರಬಾನುಗೆ ಬಿಡಿಸಿ ಹೇಳಿದಳು.

“ನೋಡ್ರಿ, ಹೆದ್ದಾರಿ ಮ್ಯಾಲೆ ನೆಟ್ಟಗ ಹೋದ್ರ ಸಿಂಧನೂರಿನ್ಯಾಗ ಚಾರ್ಜ್ ಮಾಡಿದ್ದು ದಿನಕ್ಕ ಸಾಕಾಗ್ತದ. ಕಾಲುವೆ ಸುತ್ತಿ ಹೋದ್ರ ಸಾಲಂಗಿಲ್ಲ. ಮಸ್ಕಿಯಾಗ ಇನ್ನೊಂದು ಚಾರ್ಜರ್ ಬೇಕು, ಅದಕ್ಕ ದೊಡ್ಡ ಲೈನ್ ಎಳೀಬೇಕು. ಅಷ್ಟು ರೊಕ್ಕ ಕೊಡೋರು ಜನ ಎಷ್ಟು ಹತ್ತತಾರ ಅಂತ ಕೇಳ್ತಾರ. ಮೂರು ದಿನ ಹೊಸಾ ಬಸ್ಸು ಈ ದಾರಿಗೆ ಬಿಟ್ಟು ನೋಡೋಣು.”

“ಜನರ ಚಿಂತಿ ನನಗ ಬಿಡ್ರಿ ಮೇಡಂ,” ಎಂದಳು ಮೆಹರಬಾನು. “ಕಾಲಿಡಾಕ ಜಾಗ ಇರಂಗಿಲ್ಲ.”

ಆ ವಾರವೆಲ್ಲ ಅವಳು ಹಳೇ ಬಸ್ಸಿನಲ್ಲಿ ಹೊಸ ಬಸ್ಸನ್ನು ಹೊಗಳಿದಳು. ತಣ್ಣಗಿರುತ್ತದೆ, ಹೊಗೆಯಿಲ್ಲ, ತಾನೇ ಮುಚ್ಚುವ ಬಾಗಿಲು. ಎಲ್ಲಕ್ಕಿಂತ ಮಿಗಿಲಾಗಿ, “ಸದ್ದು ಅನ್ನೋದ ಇಲ್ರೀ. ಮಸ್ಕಿ ಮಟ ನಿದ್ದಿ ಹೊಡಕೊಂತ ಹೋಗಬಹುದು.” ಹೆಂಗಸರು ಹಿಗ್ಗಿ ನಕ್ಕರು.

ಮೊದಲ ದಿನದ ಸಂಜೆ ಹಳೇ ಬಸ್ಸಿನ ಹೊತ್ತಿಗೆ ಹೊಸದು ಅಂಬಿಕಾಳನ್ನೂ ಕೂರಿಸಿಕೊಂಡು ಹೊರಟಿತು. ಎಣ್ಣೆ ಹಚ್ಚಿದ ಹೆರಳಿನಲ್ಲಿ ಬಾಚಣಿಗೆ ಇಳಿದಂತೆ ಅದು ಸೇತುವೆ ಏರಿ ಇಳಿಯಿತು. ಮೊದಲ ಕ್ಯಾಂಪಿನ ಸ್ಟಾಪಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎರಡನೆಯದರಲ್ಲೂ ಇಲ್ಲ. ದೂರದ ಗದ್ದೆಯಲ್ಲಿ ಬಾಗಿದ ಬೆನ್ನುಗಳು ಸಾಲಾಗಿ ಕಾಣುತ್ತಿದ್ದವು.

“ಏನ್ ಬಾನಕ್ಕಾ, ನಿನ್ನ ಜಾತ್ರಿ ಎಲ್ಲಿ?” ಎಂದ ಡ್ರೈವರ್ ಗಂಗಾಧರ.

“ಗುತ್ತಿಗಿ ಕೆಲಸ ಉಳದಿರಬೇಕು ಗಂಗಣ್ಣ. ಮುಂದಿನ ಸ್ಟಾಪಿಗೆ ಬರ್ತಾರ.”

ಮುಂದಿನ ಸ್ಟಾಪಿನಲ್ಲಿ ಒಬ್ಬಳು ನಿಂತಿದ್ದಳು. ಕಾಲು ನೋವೆಂದು ಯಾವಾಗಲೂ ಮುಂಚೆಯೇ ಬಂದು ಕೂರುವ ಜಮೀಲಾಬೀ. ಮಲಾರದ ಸಮೇತ ಕಷ್ಟಪಟ್ಟು ಹತ್ತಿದಳು. ಅಂಬಿಕಾ ಇಬ್ಬರ ಮುಖವನ್ನೂ ನೋಡಿ ಕೇಳಿದಳು, “ಇವ್ರು ನಿಮಗ ಪರಿಚಯಾನ?”

“ಪರಿಚಯ ಏನ್ರೀ, ಇಕಿ ಹುಟ್ಟಿದಾಗ ಮೊದ್ಲ ಎತ್ತಿಕೊಂಡಾಕಿ ನಾನ!” ಎಂದಳು ಜಮೀಲಾಬೀ ಹೆಮ್ಮೆಯಿಂದ.

“ಅಂದ್ರ ಕಂಡಕ್ಟರ್ ಮನಿಯವ್ರನ್ನ ಬಿಟ್ರ ಯಾರೂ ಇಲ್ಲ,” ಎಂದು ಅಂಬಿಕಾ ನಕ್ಕಳು. ನಗುವಿನ ಹಿಂದೆ ಬೇಸರವಿತ್ತು. ಮೆಹರಬಾನು ಕಿಟಕಿಯ ಕಡೆ ತಿರುಗಿದಳು. ಖಾಲಿ ಸೀಟುಗಳ ಪ್ಲಾಸ್ಟಿಕ್ ಹೊದಿಕೆ ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು.

ಕತ್ತಲಾದ ಮೇಲೆ, ಮಸ್ಕಿ ನಿಲ್ದಾಣದಲ್ಲಿ ಬಸ್ಸು ಇನ್ನೂ ನಿಂತಿರುವಾಗಲೇ ಇಟ್ಟಿಗೆ ಸಾಗಿಸುವ ಗಾಡಿಯೊಂದು ಬಂದಿತು. ಹಿಂದೆ ಹೆಂಗಸರು ಒಬ್ಬರ ಸೊಂಟ ಒಬ್ಬರು ಹಿಡಿದು ನಿಂತಿದ್ದರು. ಅಕ್ಕ ಬಿದ್ದದ್ದು ಇಂಥದೇ ಗಾಡಿಯಿಂದ. ಮುದುಕಮ್ಮ ಇಳಿದವಳೇ ನೆಟ್ಟಗೆ ಇವಳ ಹತ್ತಿರ ಬಂದಳು.

“ಬರಂಗಿಲ್ಲಂದ್ರ ಬರಂಗಿಲ್ಲ ಅಂತ ಹೇಳ್ಬೇಕು ಬೇ! ಕತ್ತಲಾಗಾಮಟ ಕಾದ್ವಿ.”

“ಬಂದಿದ್ವಿ ದೊಡ್ಡವ್ವ! ಸ್ಟಾಪಿನ್ಯಾಗ ನಿಂತಿದ್ವಿ. ನೀವ ಬೆನ್ನು ತಿರುವಿದ್ರಿ.”

“ಬೆನ್ನಿಗೆ ಕಣ್ಣೈತೇನು? ಕಿವಿ ತಕ್ಕೊಂಡು ಕುಂತಿದ್ವಿ. ಬಂದಿದ್ರ ಕೇಳಂಗಿಲ್ಲೇನು?”

ಸದ್ದಿಲ್ಲ, ಸದ್ದಿಲ್ಲ ಎಂದು ವಾರವಿಡೀ ಸಾರಿದವಳು ಮೆಹರಬಾನುವೇ. ಕೇಳಿ ಹಿಗ್ಗಿದವರು ಇವರೇ. ಸದ್ದಿಲ್ಲದ ಬಸ್ಸು ಬಂದದ್ದು ಗೊತ್ತಾಗುವುದು ಹೇಗೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಮುದುಕಮ್ಮನ ಮುಖದಲ್ಲಿ ಸಿಟ್ಟು ನಿಧಾನವಾಗಿ ಕರಗಿ ನಗೆಯಾಯಿತು. “ಥೂ ನಮ್ಮ ಬುದ್ಧಿಗಿಷ್ಟು!” ಎಂದಳು. ಅಂಬಿಕಾ ಹಣೆ ಒತ್ತಿಕೊಂಡು, “ನನ್ನ ಬುದ್ಧಿನೂ ಅದರಾಗ ಸೇರಿಸ್ರಿ,” ಎಂದಳು.

ಎರಡನೇ ದಿನ ಗಂಗಾಧರ ದಾರಿಯುದ್ದಕ್ಕೂ ಹಾರ್ನ್ ಹೊಡೆದ. ಆದರೆ ಭತ್ತದ ನಾಡಿನಲ್ಲಿ ಹಾರ್ನ್ ಹೊಡೆಯದ ಲಾರಿ ಯಾವುದು, ಟ್ರ್ಯಾಕ್ಟರ್ ಯಾವುದು? ರಸ್ತೆಗೆ ಹತ್ತಿರವೇ ಇದ್ದ ಮುದುಕಮ್ಮನ ಗುಂಪು ಮಾತ್ರ ಹತ್ತಿತು. ಅರ್ಧ ಬಸ್ಸು ಖಾಲಿ.

“ಹಳೇ ಬಸ್ಸು ಮುಂದ ಬಿಡ್ರಿ ಮೇಡಂ, ಡಂಗುರ ಹೊಡದಂಗ. ಹಿಂದ ನಾವು ಹೋಗೂಣು,” ಎಂದ ಗಂಗಾಧರ.

“ಒಂದು ಬಸ್ಸಿಗೆ ಎರಡು ಬಸ್ಸಿನ ಖರ್ಚಾ? ನಮ್ಮ ಸಾಹೇಬ್ರು ನನಗ ಬಸ್ಸಿನ ಮುಂದ ಓಡು ಅಂತಾರ!”

ಎಲ್ಲರೂ ನಕ್ಕರು. ಮೆಹರಬಾನು ನಗಲಿಲ್ಲ. ಉಳಿದದ್ದು ನಾಳೆ ಒಂದೇ ದಿನ. ನಾಳೆಯೂ ಹೀಗೇ ಆದರೆ ಬಸ್ಸು ಹೆದ್ದಾರಿ ಹಿಡಿಯುತ್ತದೆ, ಈ ಹೆಂಗಸರು ಇಟ್ಟಿಗೆ ಗಾಡಿ ಹಿಡಿಯುತ್ತಾರೆ, ಅಕ್ಕ ಮನೆ ಹಿಡಿಯುತ್ತಾಳೆ. ಅವಳು ಮುದುಕಮ್ಮನ ಪಕ್ಕ ಕುಳಿತಳು.

“ದೊಡ್ಡವ್ವ, ನೀವು ಸಸಿ ಹಚ್ಚೂವಾಗ ರಸ್ತಿಗೆ ಬೆನ್ನು ಯಾಕ ಮಾಡ್ತೀರಿ?”

“ನಾವು ಮಾಡ್ತೀವೇನು? ಹಚ್ಚಿಕೋಂತ ಹಿಂದಕ್ಕ ಹಿಂದಕ್ಕ ಸರಕೋಂತ ಬರ್ತೀವಿ. ಹಚ್ಚಿದ ಸಸಿ ತುಳಿಬಾರದಲ್ಲ. ಗದ್ದಿ ಆಚಿ ಕಡಿಂದ ಶುರು ಮಾಡಿದ್ರ ರಸ್ತಿಗೆ ಬೆನ್ನ ಆಗ್ತೈತಿ...” ಎಂದವಳು ತಟ್ಟನೆ ತಿರುಗಿದಳು. ಕಿಟಕಿಯಾಚೆಯ ಗದ್ದೆಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು. “ಈಚಿ ಕಡಿಂದ ಶುರು ಮಾಡಿದ್ರ?”

ಮುದುಕಮ್ಮ ಅಲ್ಲೇ ಕೂತು ಫೋನ್ ತೆಗೆದಳು. ಉಳಿದ ಗುಂಪುಗಳ ಮುಂದಾಳುಗಳು ಒಪ್ಪಿದರು. ಗದ್ದೆಯ ಯಜಮಾನ ರಾಮಣ್ಣ ಮಾತ್ರ ಒಪ್ಪಲಿಲ್ಲ. ಸಸಿಮಡಿ ಇರುವುದು ಆಚೆ ಬದುವಿನಲ್ಲಿ, ಕಟ್ಟುಗಳನ್ನು ರಸ್ತೆಯ ತನಕ ಯಾರು ಹೊರಬೇಕು? ಸ್ಪೀಕರಿನಲ್ಲಿ ಅವನ ದನಿ ಬಸ್ಸಿಗೆಲ್ಲ ಕೇಳಿಸಿತು.

“ಮುದುಕಮ್ಮ, ಗದ್ದಿ ನಂದೋ ನಿಂದೋ?”

“ಗದ್ದಿ ನಿಂದಪಾ. ಬೆನ್ನು ನಮ್ಮದೈತಿ. ಅದನ್ನ ಯಾ ಕಡಿ ತಿರುವಬೇಕು ಅನ್ನೋದು ನಾವು ನೋಡ್ಕೋತೀವಿ. ಕಟ್ಟು ನಾವ ಹೊರ್ತೀವಿ, ಮಲಕ್ಕೋ.”

ಮೂರನೇ ಸಂಜೆ ಸೇತುವೆಯ ಏರು ಇಳಿಯುತ್ತಿದ್ದಂತೆ ಮೆಹರಬಾನು ಎದ್ದು ಗಂಗಾಧರನ ಪಕ್ಕ ಬಂದು ನಿಂತಳು. ಗದ್ದೆಗಳಲ್ಲಿ ಬೆನ್ನುಗಳಿರಲಿಲ್ಲ, ಮುಖಗಳಿದ್ದವು. ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದವಳೊಬ್ಬಳು ಹಣೆಗೆ ಕೈ ಹಿಡಿದು ನೋಡಿ, ಕೂಗಿದಳು. ಆ ಕೂಗು ಬದುವಿನಿಂದ ಬದುವಿಗೆ ಹೋಯಿತು. ಬಣ್ಣ ಬಣ್ಣದ ಸೀರೆಗಳು ನೀರಿನ ಅಂಚಿಗೆ ಓಡಿ ಬಂದವು. ಎರಡನೇ ಕ್ಯಾಂಪಿಗೆ ಸೀಟು ಮುಗಿದವು, ಮೂರನೆಯದರಲ್ಲಿ ಬಾಗಿಲು ಮುಚ್ಚಲು ಗಂಗಾಧರ ಬೇಡಿಕೊಳ್ಳಬೇಕಾಯಿತು.

“ಸ್ವಲ್ಪ ಉಸುರು ಒಳಗ ತಕ್ಕೋರಿ ಯವ್ವಗಳಿರಾ, ಬಾಗಲಾ ಮುಚ್ಚವಲ್ದು!”

ಮಸ್ಕಿ ಮುಟ್ಟುವಾಗ ಬ್ಯಾಟರಿಯ ಮುಳ್ಳು ಕೆಳಗಿಳಿದಿತ್ತು. ಇದೇ ಚಾರ್ಜಿನಲ್ಲಿ ಲಿಂಗಸುಗೂರಿಗೆ ಹೋಗಿ ತಿರುಗಿ ಬರುವುದು ಆಗದ ಮಾತು. ಮೆಹರಬಾನುಗೆ ಅಳುಕಾಯಿತು. ಆದರೆ ಅಂಬಿಕಾ ಆ ಮುಳ್ಳಿನ ಫೋಟೊವನ್ನೂ ತುಂಬಿದ ಬಸ್ಸಿನ ಫೋಟೊವನ್ನೂ ಹಬ್ಬದ ಹುಮ್ಮಸ್ಸಿನಲ್ಲಿ ತೆಗೆದುಕೊಂಡಳು.

“ಇದೇ ಬೇಕಾಗಿತ್ತು ನನಗ. ಜನಾ ಇದ್ದಾರ, ಚಾರ್ಜ್ ಸಾಲಂಗಿಲ್ಲ. ಮಸ್ಕಿಗೆ ಚಾರ್ಜರ್ ಬೇಕೇ ಬೇಕು ಅಂತ ಬರೀತೀನಿ.”

“ಕೊಡ್ತಾರೇನ್ರಿ?”

“ಲೈನ್ ಎಳ್ಯೋ ರೊಕ್ಕ ಈ ವರ್ಷನೇ ಬರ್ತದ ಅಂತ ಸುಳ್ಳು ಹೇಳಂಗಿಲ್ಲ ಬಾನಕ್ಕಾ. ಬರೋತನಕಾ ಹಳೇ ಬಸ್ಸು ಗುಜರಿಗೆ ಹಾಕಂಗಿಲ್ಲ, ಕಾಲುವೆ ದಾರಿಗೆ ಅದೇ ಓಡ್ತದ. ಡಿಪೋದವ್ರ ಜೋಡಿ ಮಧ್ಯಾಹ್ನನೇ ಮಾತಾಡೀನಿ, ಒಪ್ಯಾರ.”

ಮೆಹರಬಾನು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಲಿಂಗಸುಗೂರಿಗೆ ಹೋಗುವವರನ್ನು ಕರೆದೊಯ್ಯಲು ಬದಲಿ ಬಸ್ಸು ಬಂದು ಪಕ್ಕಕ್ಕೆ ನಿಂತಿತು. ಜನ ಅದರ ಬಾಗಿಲಿಗೆ ಮುಗಿಬಿದ್ದರು.

“ಆದ್ರ ಒಂದು ಮಾತು,” ಅಂಬಿಕಾ ಮುಂದುವರಿಸಿದಳು. “ರೊಕ್ಕ ಕೊಡೋ ಕಮಿಟಿ ಕಲಬುರಗಿಯಾಗ ಕೂಡ್ತದ. ಅವರ ಮುಂದ ನೀವೂ ಮುದುಕಮ್ಮನೂ ಬಂದು ಹೇಳಬೇಕು. ನಾ ಹೇಳಿದ್ರ ಬರೇ ಕಾಗದದ ಯೋಜನಿ ಆಗ್ತದ, ನೀವು ಹೇಳಿದ್ರ...”

ಮೆಹರಬಾನು ಅವಳ ಭುಜದ ಮೇಲಿಂದ ಬದಲಿ ಬಸ್ಸಿನ ಬಾಗಿಲನ್ನು ನೋಡುತ್ತಿದ್ದಳು. ತವರಿಗೆ ಹೊರಟಿದ್ದ ಜಮೀಲಾಬೀ ಗುಂಪಿನ ಹಿಂದೆ ಒಂಟಿಯಾಗಿ ನಿಂತು, ಬಳೆಗಳು ಒಡೆಯದಂತೆ ಮಲಾರವನ್ನು ಎದೆಗೊತ್ತಿಕೊಂಡಿದ್ದಳು.

“ನೀವು ಹೇಳ್ರಿ ಮೇಡಂ, ಬರ್ತೀವಿ. ಯಾವತ್ತು ಕರದ್ರೂ ಬರ್ತೀವಿ...” ಎನ್ನುತ್ತಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಏ, ಸರೀರಿ ಅತ್ಲಾಗ! ಆಪಾಗ ದಾರಿ ಬಿಡ್ರಿ! ಕಾಲು ನೋವೈತಿ ಕಾಣಂಗಿಲ್ಲೇನು?”

“ಬಾನಕ್ಕಾ, ತಾರೀಖು...” ಎಂದಳು ಅಂಬಿಕಾ. ಮೆಹರಬಾನು ಆಗಲೇ ಜನರ ನಡುವೆ ದಾರಿ ಮಾಡಿಕೊಂಡು ನಡೆದುಬಿಟ್ಟಿದ್ದಳು.