ಕಾರಣ ಕೇಳುವ ಯೂನ್‌ರು

ತೈತುಂಗ್ ಬೆಟ್ಟದ ಬುನುನ್ ಬುಡಕಟ್ಟು ಜನರ ಕ್ರೈಸ್ತ ಆಚರಣೆಗಳನ್ನು ಅಧ್ಯಯನ ಮಾಡಲು ತೈಪೆಯಿಂದ ಬಂದಿರುವ ಯೂನ್‌ರುವಿಗೆ ಯಾರಾದರೂ ಕೆಮ್ಮಿದರೂ ಅದರ ಕಾರಣ ತಿಳಿಯಬೇಕು. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಹಿಂದಿನ ಬೆಂಚಿನಲ್ಲಿ ಇವಳ ಕಣ್ಣು ಮಾತ್ರ ಗೂಬೆಯಂತೆ ತೆರೆದಿರುತ್ತದೆ. "ಹೆಂಗಸರೆಲ್ಲ ಎಡಗಡೆಯೇ ಯಾಕೆ ಕೂರ್ತೀರಿ, ಅಜ್ಜಿ?" ಎಂದು ತಾನು ಉಳಿದುಕೊಂಡಿರುವ ಮನೆಯ ಒಡತಿ ಲಂಗುಯಿಯನ್ನು ಕೇಳಿದರೆ, "ಫ್ಯಾನು ಆ ಕಡೆ ಇದೆ," ಎಂಬ ಉತ್ತರ. "ಊಟಕ್ಕೆ ಮುಂಚೆಯೇ ಯಾಕೆ ಪ್ರಾರ್ಥನೆ?" "ಆಮೇಲೆ ನಿದ್ದೆ ಬರುತ್ತೆ." ಇದರ ಹಿಂದೆ ಗಹನವಾದದ್ದೇನೋ ಇದೆಯೆಂದು ನವಣೆ ಗಂಜಿ ಆರುವವರೆಗೂ ಕೆದಕುತ್ತಾಳೆ. ಒಮ್ಮೆ ಬೋಧನೆಯ ನಡುವೆ ಕೋಳಿಯೊಂದು ವೇದಿಕೆ ಹತ್ತಿದಾಗ, ಅದರಲ್ಲಿ ಪೂರ್ವಿಕರ ಸಂಕೇತವೇನಾದರೂ ಇದೆಯೇ ಎಂದು ಮನೆಮನೆಗೆ ಹೋಗಿ ವಿಚಾರಿಸಿದಳು. ದಂಡ ಹಾಕುತ್ತಾರೆಂದು ಹೆದರಿ ಕೋಳಿಯ ಒಡೆಯ ಗೆಣಸಿನ ಹೊಲದಲ್ಲಿ ಅಡಗಿಕೊಂಡ. "ನೀನು ದೇವರನ್ನ ನಂಬ್ತೀಯಾ?" ಎಂದು ಯಾರಾದರೂ ಕೇಳಿದರೆ, "ನಾನು ನೋಡೋಕಷ್ಟೇ ಬಂದಿರೋದು," ಎನ್ನುತ್ತಾಳೆ. "ನೋಡು, ತಿಂದ್ಕೊಂಡು ನೋಡು," ಎಂದು ಅಜ್ಜಿ ತಟ್ಟೆಗೆ ಇನ್ನೊಂದು ಗೆಣಸು ಹಾಕುತ್ತಾಳೆ. ಮೊನ್ನೆ ಸಂಜೆ, ಯೂನ್‌ರುವಿನ ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆಯೆಂದು ತೈಪೆಯಿಂದ ಫೋನು ಬಂತು. ಕೊನೆಯ ಬಸ್ಸು ಆಗಲೇ ಹೊರಟುಹೋಗಿತ್ತು. ಯೂನ್‌ರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಅಜ್ಜಿ, ಪ್ರಾರ್ಥನೇಲಿ ನಮ್ಮಪ್ಪನ ಹೆಸರೂ ಹೇಳ್ತೀರಾ?" ಅಜ್ಜಿ ಸೌಟು ಕೆಳಗಿಟ್ಟು ಕೈ ಒರೆಸಿಕೊಂಡಳು. "ಯಾವ ಆಸ್ಪತ್ರೆ, ಎಷ್ಟನೇ ಮಹಡಿ, ಸರಿಯಾಗಿ ಹೇಳು ಮಗಳೇ. ತೈಪೆಯಲ್ಲಿ ವಿಳಾಸ ಹುಡುಕೋದು ದೇವರಿಗೂ ಕಷ್ಟ." ಯೂನ್‌ರು ಆಸ್ಪತ್ರೆಯ ಹೆಸರು ಹೇಳಿ, ಅಜ್ಜಿಯ ಕೈ ಹಿಡಿದುಕೊಂಡು, "ಏಳನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ," ಎಂದಳು.