ಎರಡು ಕಾಮಾಗಳ ನಡುವಿನ ಮನುಷ್ಯ

ಎಡ್ಗರ್ ಹೋಲ್ರಾಯ್ಡ್ ಹಿಂದಿನ ಮೆಟ್ಟಿಲಿಳಿದು ಹೋದದ್ದನ್ನು ವಿಲ್ಫ್ ಸಗ್ಡನ್ ಇವತ್ತಿಗೂ ಕ್ಷಮಿಸಿಲ್ಲ. ಅರ್ಧ ಗಂಟೆ ಕಾದಿದ್ದರೆ ಆ ಮುದುಕನ ಗಂಟೇನು ಹೋಗುತ್ತಿತ್ತು?

ಹೋಲ್ರಾಯ್ಡ್ ಬ್ರೋಕ್‌ಲೆ ಊರಿನ ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ. ಶಾಲೆಗೆ ಶರಣು ಹೊಡೆದು ವಿಲ್ಫ್ ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸಲು ಸೇರಿದ ಹೊಸತರಲ್ಲಿ, ಕಂಡಕಂಡಲ್ಲಿ ಕಾಮಾ ಚೆಲ್ಲುತ್ತಿದ್ದ. ಒಂದು ದಿನ ಹೋಲ್ರಾಯ್ಡ್ ಅವನ ಎದುರಿಗೇ ಬಂದು ನಿಂತ.

"ಏನೋ ಮಗಾ, ಇದೇನು ಕಾಮಾನೋ, ಕೋಳಿಗೆ ಎರಚಿದ ಕಾಳೋ? 'ಮೇಯರ್ ಮಂಡಿನೋವಿರುವವರು ಸೇತುವೆ ತೆರೆದರು.' ಊರಿಗೆ ಮೇಯರ್ ಎಷ್ಟು ಜನ?"

"ಒಬ್ರೇ."

"ಮಂಡಿನೋವನ್ನ ಎತ್ತಿ ಮೇಜಿನ ಮೇಲಿಡು. ಮೇಯರ್ ಉಳಿದ್ನಾ?"

ವಿಲ್ಫ್ ಆ ಮಾತಿನ ಮೊಳೆಗಳನ್ನು ನಿಜವಾಗಿಯೂ ಎತ್ತಿಟ್ಟ. "ಉಳಿದ್ರು."

"ಹಾಗಾದ್ರೆ ಎರಡೂ ಕಡೆ ಕಾಮಾ ಹಾಕು, ಎತ್ತೋಕೆ ಹಿಡಿ ಇದ್ದ ಹಾಗೆ. ಈಗ 'ಸೈಕಲ್ ಕದ್ದ ಮನುಷ್ಯ ಸಿಕ್ಕಿಬಿದ್ದ.' ಸೈಕಲ್ ಕದ್ದಿದ್ದನ್ನ ಎತ್ತು. ಯಾವ ಮನುಷ್ಯ?"

"ಯಾರಿಗ್ಗೊತ್ತು?"

"ಹಾಂ! ಅದಕ್ಕೆ ಹಿಡಿ ಹಾಕ್ಬೇಡ, ಮುಟ್ಲೂಬೇಡ."

ವಿಲ್ಫ್‌ಗೆ ಬೈದವರು ಬಹಳ ಜನ, ಕಲಿಸಿದವನು ಇವನೊಬ್ಬನೇ.

ವರ್ಷಗಳು ಉರುಳಿದವು. ಸೀಸ ಹೋಗಿ ಕಂಪ್ಯೂಟರ್ ಬಂತು. ಹೊಸ ಮ್ಯಾನೇಜರ್ ಕ್ರಾಬ್‌ಟ್ರೀ ಕರಡು ತಿದ್ದುವವರು ಬೇಡವೆಂದ. ಸುದ್ದಿ ಕೇಳಿ ಹೋಲ್ರಾಯ್ಡ್ ನಕ್ಕ.

"ನನ್ನ ಎರಡೂ ಕಡೆ ಕಾಮಾ ಹಾಕಿದ್ದಾರೆ, ವಿಲ್ಫ್. ಎತ್ತಿದ್ರೂ ವಾಕ್ಯ ಉಳಿಯುತ್ತಂತೆ."

"ಸುಮ್ನಿರಿ, ಮಿಸ್ಟರ್ ಹೋಲ್ರಾಯ್ಡ್! ನಿಮ್ಮನ್ನ ಎತ್ತಿದ್ರೆ ಇದು ಯಾವ ಪತ್ರಿಕೆ ಅಂತ್ಲೇ ತಿಳಿಯಲ್ಲ."

"ಇರ್ಲಿ ಬಿಡು. ನಂಗೆ ಬೀಳ್ಕೊಡುಗೆ ಗಡಿಯಾರ ಗಿಡಿಯಾರ ಬೇಡ. ಬಡಿದು ಕಳಿಸಿ, ಸಾಕು."

ಅಚ್ಚುಕೂಟದವರ ಪದ್ಧತಿ ಅದು. ಕೆಲಸ ಮುಗಿಸಿದವನು ಕೊನೆಯ ಸಲ ಬಾಗಿಲಿಗೆ ನಡೆಯುವಾಗ ಎಲ್ಲರೂ ಕೈಗೆ ಸಿಕ್ಕ ಸುತ್ತಿಗೆಯಿಂದ ಕಬ್ಬಿಣದ ಮೇಜುಗಳನ್ನು ಬಡಿಯುತ್ತಾರೆ. ಆ ಸದ್ದಿಲ್ಲದೆ ಹೋದವನನ್ನು ಕಳ್ಳತನ ಮಾಡಿದ್ದಕ್ಕೆ ಓಡಿಸಿದರು ಅಂದುಕೊಳ್ಳುತ್ತಾರೆ.

"ಊರ ಕಾಲುವೆ ಆಚೆಗೂ ಕೇಳೋ ಹಾಗೆ ಬಡೀತೀನಿ," ಎಂದು ವಿಲ್ಫ್ ಮಾತು ಕೊಟ್ಟ.

ಹೋಲ್ರಾಯ್ಡನ ಕೊನೆಯ ದಿನವಾದ ಶುಕ್ರವಾರ ವಿಲ್ಫ್ ಊಟಕ್ಕೆ ಹೋಗಿ ಬಂದು ನೋಡಿದರೆ ಕೋಣೆ ಬೋಳು. ಮೇಜು, ಚೌಕಟ್ಟು, ಸುತ್ತಿಗೆ, ಎಲ್ಲವನ್ನೂ ಗುಜರಿಯವರು ಹೊತ್ತೊಯ್ದಿದ್ದರು. ಉಳಿದದ್ದು ಪ್ಲಾಸ್ಟಿಕ್ಕು, ರಟ್ಟು. ವಿಲ್ಫ್‌ನ ಪಿತ್ತ ನೆತ್ತಿಗೇರಿತು.

"ಒಂದಿನ ತಡೆಯೋಕೆ ನಿಮಗೇನು ರೋಗ ಬಂದಿತ್ತು?"

"ಬಂದ ಲಾರಿ ವಾಪಸ್ ಕಳಿಸ್ಲಾ, ಸಗ್ಡನ್? ಚಪ್ಪಾಳೆ ಹೊಡೀರಿ," ಎಂದ ಕ್ರಾಬ್‌ಟ್ರೀ.

"ಚಪ್ಪಾಳೆ! ಅವ್ರೇನು ಇಲ್ಲಿ ಬೊಂಬೆಯಾಟ ಆಡ್ತಿದ್ರಾ?"

ಬಾಗಿಲು ಧಡಾರನೆ ಎಳೆದುಕೊಂಡು ವಿಲ್ಫ್ ಹೊರಟೇಬಿಟ್ಟ. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ. ಸಿಟ್ಟಿನವನ ಬುದ್ಧಿಯೇ ಹಾಗೆ. ಗುಜರಿ ಅಂಗಳದಲ್ಲಿ ಮಣ್ಣು ಕೆದಕಿ, ಮೊಳೆ ಜೋಡಿಸಿಡುವ ಒಂದು ಉಕ್ಕಿನ ತಟ್ಟೆಯನ್ನೂ ಮರದ ಸುತ್ತಿಗೆಯನ್ನೂ ಹುಡುಕಿಕೊಂಡು ಏದುಸಿರು ಬಿಡುತ್ತ ಬಂದಾಗ, ಹೋಲ್ರಾಯ್ಡನ ಕುರ್ಚಿ ಖಾಲಿ.

"ವಿಲ್ಫ್ ಎಲ್ಲಿ ಅಂತ ಕೇಳಿದ್ರು," ಎಂದ ಪಕ್ಕದವನು. "ಜಗಳ ಆಡ್ಕೊಂಡು ಮನೆಗೆ ಹೋದ ಅಂದ್ವಿ. ಕೋಟು ಹಾಕ್ಕೊಂಡು ಹಿಂದಿನ ಮೆಟ್ಟಿಲಲ್ಲಿ ಇಳಿದುಬಿಟ್ರು."

ಭಾನುವಾರ ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ವಿಲ್ಫ್ ಅವನ ಮನೆ ಬಾಗಿಲು ತಟ್ಟಿದ. ಹೋಲ್ರಾಯ್ಡ್ ಮನೆಯೊಳಗಿನ ಚಪ್ಪಲಿಯಲ್ಲೇ ಬಂದು ತೆರೆದ. ತಟ್ಟೆಯನ್ನು ನೋಡಿದ, ಸುತ್ತಿಗೆಯನ್ನು ನೋಡಿದ.

"ಯಾಕ್ರೀ ಕಾಯ್ಲಿಲ್ಲ?" ವಿಲ್ಫ್‌ನ ದನಿ ಬೀದಿಗೆಲ್ಲ ಕೇಳಿಸಿತು. "ನಾನು ಬರಲ್ಲ ಅಂದ್ಕೊಂಡ್ರಾ?"

"ಅಂದ್ಕೊಂಡೆ."

ವಿಲ್ಫ್ ಸುತ್ತಿಗೆ ಎತ್ತಿದ. ಹೋಲ್ರಾಯ್ಡ್ ಅವನ ಮಣಿಕಟ್ಟು ಹಿಡಿದ.

"ಇಲ್ಲಿ ಬಡಿದ್ರೆ ಅದು ಬಡಿತ ಅಲ್ಲ, ಮಗಾ. ಪಕ್ಕದ ಮನೆ ಮಗು ಏಳುತ್ತೆ, ಅಷ್ಟೇ. ಒಳಗೆ ಬಾ, ಚಹಾ ಕುಡಿ."

ಕುಡಿದ. ಮೇಯರ್ ಬಗ್ಗೆ, ಮಳೆಯ ಬಗ್ಗೆ ಮಾತಾಡಿದರು. ಮುಂದಿನ ಚಳಿಗಾಲಕ್ಕೆ ಹೋಲ್ರಾಯ್ಡ್ ತೀರಿಕೊಂಡ. ಚರ್ಚಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಸದ್ದಿಲ್ಲದೆ ಕೂತಿದ್ದರು. ವಿಲ್ಫ್ ಕೋಟಿನೊಳಗಿನ ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕೊನೆಯ ಬೆಂಚಿನಲ್ಲಿ ಕೂತಿದ್ದ. ಹೊರಗೆ ತೆಗೆಯಲಿಲ್ಲ.

ತಟ್ಟೆ ಈಗಲೂ ಅವನ ಮನೆಯಲ್ಲಿದೆ. ಹೆಂಡತಿ ಅದರಲ್ಲಿ ಬೇರೇನನ್ನೂ ಇಡುವಂತಿಲ್ಲ. ಆ ಬಡಿತ ಬಾಕಿ ಇದೆ.