ಏಳನೇ ನಂಬರಿನ ಕಡ್ಡಿ

ನಾನು ಮೈಸೂರಿನಲ್ಲಿ ಹೆಣಿಗೆ ಕಲಿತವಳು. ಅಲ್ಲಿ ಬ್ರಿಟಿಷರ ಲೆಕ್ಕ, ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ದಪ್ಪ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಇಲ್ಲಿನ ಅಂಗಡಿಯಿಂದ ಹತ್ತನೇ ನಂಬರ್ ಕಡ್ಡಿ ತಂದೆ. ನೋಡಿದರೆ ಒನಕೆಯ ಹಾಗಿತ್ತು. ಈ ದೇಶದಲ್ಲಿ ಎಲ್ಲವೂ ದಪ್ಪವೇ ಇರಬೇಕು ಎಂದುಕೊಂಡು ಕೂಸಿಗೆ ಟೋಪಿ ಹೆಣೆದೆ. ಆ ಟೋಪಿಯನ್ನು ನಮ್ಮ ಯಜಮಾನರು ತಾವೇ ಹಾಕಿಕೊಂಡು ಮನೆ ತುಂಬ ಓಡಾಡಿದರು. ಅಂದಿನಿಂದ ನಾನು ಏನು ಎಡವಟ್ಟು ಮಾಡಿದರೂ, ಸಾರಿಗೆ ಉಪ್ಪು ಹೆಚ್ಚಾದರೂ, "ಇದು ಮೈಸೂರು ನಂಬರ್ರೋ ಅಮೆರಿಕನ್ ನಂಬರ್ರೋ?" ಎಂದು ಕೇಳುವುದು ಅವರ ಚಾಳಿಯಾಯಿತು.

ಅವರು ಕೆಮಿಸ್ಟ್. ಮಾರಿಸ್‌ವಿಲ್ಲಿನ ನಮ್ಮ ಮನೆಯಿಂದ ಹತ್ತು ನಿಮಿಷದ ಡ್ರೈವ್‌ನಲ್ಲಿದ್ದ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದರು. ತೊಂಬತ್ತರ ದಶಕದ ನಡುವೆ, ಒಂದು ಸೆಪ್ಟೆಂಬರ್‌ನಲ್ಲಿ, ಅವರ ಹೊಟ್ಟೆನೋವು ಬರೀ ಹೊಟ್ಟೆನೋವಲ್ಲ ಎಂದು ಗೊತ್ತಾಯಿತು. ಡಾಕ್ಟರು ಎಷ್ಟು ತಿಂಗಳು ಎಂದು ಹೇಳಲು ಬಾಯಿ ತೆರೆದಾಗ ನಾನು ರೆಸ್ಟ್‌ರೂಮಿಗೆ ಹೋಗಬೇಕು ಎಂದು ಎದ್ದುಬಿಟ್ಟೆ. ಆ ಸಂಖ್ಯೆಯನ್ನು ಅವರೊಬ್ಬರೇ ಕೇಳಿಸಿಕೊಂಡರು. ನಾನು ಮುಂದೆಯೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಕ್ಟೋಬರ್‌ನಲ್ಲಿ ಸಮುದ್ರ ನೋಡಬೇಕು ಅಂದರು. ಹೋದೆವು. ದಂಡೆಯ ಹತ್ತಿರ ಒಂದು ಪುಟ್ಟ ಉಣ್ಣೆ ಅಂಗಡಿ. ಗಾಜಿನ ಹಿಂದೆ ಬೆಸ್ತರು ತೊಡುವಂಥ ಕೆನೆ ಬಣ್ಣದ ಸ್ವೆಟರ್ ನೇತುಹಾಕಿದ್ದರು. ಎದೆಯ ಮೇಲೆ ಜಡೆ ಹೆಣೆದ ಹಾಗೆ ಹುರಿ, ನಡುವೆ ಜೇನುಗೂಡಿನ ವಿನ್ಯಾಸ. ಅಂಗಡಿಯ ಮುದುಕಿ ಕಥೆ ಹೇಳಿದಳು: ಹಳೆಯ ಕಾಲದಲ್ಲಿ ಒಂದೊಂದು ಮನೆಗೆ ಒಂದೊಂದು ವಿನ್ಯಾಸವಂತೆ, ಸಮುದ್ರದಲ್ಲಿ ಮುಳುಗಿದವನನ್ನು ಸ್ವೆಟರ್ ನೋಡಿಯೇ ಇಂಥವರ ಮನೆಯವನು ಎನ್ನುತ್ತಿದ್ದರಂತೆ. ನಿಜವೋ, ಗಿರಾಕಿಗಳಿಗೆಂದೇ ಕಟ್ಟಿದ್ದೋ.

"ನನಗೂ ಒಂದು ಹಾಕ್ಕೊಡೇ. ಐಡೆಂಟಿಫೈ ಮಾಡೋಕಾಗತ್ತೆ," ಎಂದರು ಇವರು.

"ಬಿಡ್ತು ಅನ್ನಿ!" ಎಂದು ನಾನು ಅಂಗಡಿಯಲ್ಲೇ ಗದರಿದೆ.

"ಬಿಡ್ತು. ಆದ್ರೂ ಹಾಕ್ಕೊಡು. ಯಾಕೋ ಈಗೀಗ ತುಂಬಾ ಚಳಿ ಕಣೇ."

ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ಸ್ವೆಟರ್ ಅದು. ಅಲ್ಲಿಂದಲೇ ಉಣ್ಣೆ, ಬ್ರಿಟಿಷ್ ಪ್ಯಾಟರ್ನಿನ ಒಂದು ಹಾಳೆ, ಅದರಲ್ಲಿ ಹೇಳಿದ್ದ ಏಳನೇ ನಂಬರ್ ಕಡ್ಡಿ ಎಲ್ಲ ತಂದೆ.

ಅಳತೆಗೆ ಅವರ ಮೈ ಮುಟ್ಟಲಿಲ್ಲ. ಹುಷಾರಿಲ್ಲದವರ ಮೈ ಅಳೆಯಬಾರದು, ಅಳೆದರೆ ಆಯಸ್ಸು ಅಲ್ಲಿಗೇ ನಿಲ್ಲುತ್ತೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಬಿ.ಎಸ್ಸಿ. ಓದಿದವಳು ನಾನು, ಇದನ್ನೆಲ್ಲ ಎಂದೂ ನಂಬಿದವಳಲ್ಲ. ಆ ಚಳಿಗಾಲ ಮಾತ್ರ ನಂಬಿದೆ. ಅವರ ಹಳೆಯ ಸ್ವೆಟರನ್ನು ಮಂಚದ ಮೇಲೆ ಹರಡಿ, ಅಮ್ಮನ ಹಾಗೆಯೇ ಗೇಣು ಹಾಕಿದೆ. ಎದೆಗೆ ಎರಡೂವರೆ ಗೇಣು. ತೋಳಿಗೆ ಎರಡು ಗೇಣಿನ ಮೇಲೆ ನಾಲ್ಕು ಬೆರಳು.

ಕೀಮೋಗೆ ಕರೆದುಕೊಂಡು ಹೋದಾಗ ವೇಟಿಂಗ್ ರೂಮಿನಲ್ಲಿ ಹೆಣೆದೆ. ದೇವಸ್ಥಾನದಲ್ಲಿ ಭಜನೆಯ ನಡುವೆಯೂ ಹೆಣೆದೆ. ಅಲ್ಲಿ ಒಬ್ಬಾಕೆ "ಆಂಟಿ, ಮಾಲ್‌ನಲ್ಲಿ ರೆಡಿಮೇಡ್ ಸಿಗತ್ತಲ್ಲ?" ಅಂದಳು. ಸಿಗುತ್ತೆ ಕಣಮ್ಮಾ, ಗಂಡ ಸಿಗಲ್ಲ ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಹುರಿ ತಿರುಗಿಸುವಾಗ ನಾಲ್ಕು ಕುಣಿಕೆಗಳನ್ನು ಗಿಡ್ಡ ಕಡ್ಡಿಯೊಂದಕ್ಕೆ ಏರಿಸಿ ಮುಂದೆ ಬಿಟ್ಟು, ಹಿಂದಿನ ನಾಲ್ಕನ್ನು ಮೊದಲು ಹೆಣೆಯಬೇಕು. ಲೆಕ್ಕ ಒಂದು ತಪ್ಪಿದರೂ ಜಡೆ ಕೆಡುತ್ತದೆ. ಲೆಕ್ಕ ಇಡುವಾಗ ಬೇರೆ ಯೋಚನೆ ಬರುವುದಿಲ್ಲ. ನನಗೆ ಬೇಕಾದದ್ದೂ ಅಷ್ಟೇ.

ಜನವರಿಯ ಒಂದು ಮಧ್ಯಾಹ್ನ ಮುಗಿಯಿತು. ಅವರು ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ತಲೆಯ ಮೇಲಿಂದ ಹಾಕಿದೆ. ಹೆಗಲು ಜಾರಿ ತೋಳಿನ ನಡುವೆ ಬಂತು. ಕೈಗಳು ತೋಳಿನೊಳಗೇ ಕಾಣೆಯಾದವು. ಕುತ್ತಿಗೆಯ ಸುತ್ತ ನನ್ನ ಮುಷ್ಟಿ ಹೋಗುವಷ್ಟು ಜಾಗ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಬೇಕಾಗಿತ್ತು. "ದೊಡ್ಡದಾಗೋಯ್ತು," ಎಂದು ಅಳುವುದಕ್ಕೆ ಶುರುಮಾಡಿದೆ. "ಎಲ್ಲಾ ಸರಿಯಾಗೇ ಲೆಕ್ಕ ಮಾಡಿದ್ದೆ, ಹ್ಯಾಗೆ ದೊಡ್ಡದಾಯ್ತು?" ನಾಲ್ಕು ತಿಂಗಳು ತಡೆದಿದ್ದ ಅಳು ಅದು. ಸ್ವೆಟರಿಗೆ ಯಾರಾದರೂ ಹಾಗೆ ಅಳುತ್ತಾರೆಯೇ?

ಅವರು ಉದ್ದನೆಯ ತೋಳುಗಳನ್ನು ಮೇಲೆ ಸರಿಸಿ ಕೈ ಹೊರಗೆ ತೆಗೆದರು. ಆಮೇಲೆ, "ಅಳಬೇಡ. ಡ್ರಾಯರ್‌ನಲ್ಲಿ ವರ್ನಿಯರ್ ಇದೆ, ತಗೊಂಬಾ," ಅಂದರು. ವರ್ನಿಯರ್ ಎಂದರೆ ಕೂದಲೆಳೆಯ ದಪ್ಪವನ್ನೂ ಅಳೆಯುವ ಉಕ್ಕಿನ ಉಪಕರಣ. ತಂದುಕೊಟ್ಟೆ. ಕಡ್ಡಿಯನ್ನು ಅದರ ಬಾಯಿಗೆ ಸಿಕ್ಕಿಸಿ, ಕನ್ನಡಕ ಮೇಲೆತ್ತಿ, ಲ್ಯಾಬಿನಲ್ಲಿ ಕೂತವರ ಹಾಗೆ ಗಂಭೀರವಾಗಿ ಓದಿದರು.

"ಐದೂವರೆ ಮಿಲಿಮೀಟರ್. ಪ್ಯಾಟರ್ನ್‌ನಲ್ಲಿ ಏನಿದೆ ನೋಡು, ನಂಬರ್ ಪಕ್ಕದಲ್ಲೇ ಇರತ್ತೆ."

ನಾಲ್ಕೂವರೆ ಎಂದಿತ್ತು. ನಾನು ಎಂದೂ ಮಿಲಿಮೀಟರ್ ಓದಿದವಳಲ್ಲ, ನಂಬರ್ ಓದಿದವಳು.

"ಮತ್ತೆ ಅದೇ ಟೋಪಿ ಕಥೆ ಕಣೇ," ಎಂದು ನಕ್ಕರು. "ಬ್ರಿಟಿಷರ ಏಳೇ ಬೇರೆ, ಅಮೆರಿಕದವರ ಏಳೇ ಬೇರೆ. ಸಣ್ಣ ಕಡ್ಡಿ ತಗೊಂಡು ಇನ್ನೊಂದ್ಸಲ ಹಾಕು. ನಂಗೇನೂ ಆಗಿಲ್ಲ."

ಹೋದ ಜೀವ ಬಂದ ಹಾಗಾಯಿತು. ತಪ್ಪು ನನ್ನದು! ಆ ದಿನ ನನ್ನಷ್ಟು ಸಂತೋಷವಾಗಿ ತಪ್ಪೊಪ್ಪಿಕೊಂಡವರು ಯಾರೂ ಇರಲಾರರು. ಸಂಜೆಯೇ ಬಿಚ್ಚಲು ಕೂತೆ. ಅವರು ಎರಡೂ ಕೈ ಚಾಚಿ ಲಡಿ ಹಿಡಿದರು, ನಾನು ಸುತ್ತಿದೆ. ಕೈ ಸೋತು ಕೆಳಗಿಳಿದಾಗ "ಸಾಕು, ಬಿಡಿ," ಅಂದರೆ "ಸುತ್ತು, ಸುತ್ತು," ಅಂದರು. ಅಟ್ಲಾಂಟಾದ ಕಾಲೇಜಿನಿಂದ ಮಗಳು ಫೋನ್ ಮಾಡಿದಾಗ "ಅಪ್ಪಂಗೆ ಸ್ವೆಟರ್ ಫಿಟ್ ಆಯ್ತಾ?" ಎಂದು ಕೇಳಿದಳು. "ಅಮೆರಿಕನ್ ನಂಬರ್ ಕೈಕೊಡ್ತು," ಎಂದು ನಾನು ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ.

ಏಳಕ್ಕಿಂತ ಸಣ್ಣದಾದ, ಇಲ್ಲಿನ ಐದನೇ ನಂಬರ್ ಕಡ್ಡಿಯಲ್ಲಿ ಮತ್ತೆ ಶುರುಮಾಡಿದೆ. ಬೆನ್ನು ಮುಗಿಯಿತು, ಎದೆ ಮುಗಿಯಿತು, ಒಂದು ತೋಳು ಮುಗಿಯಿತು. ಮಾರ್ಚ್ ಕೊನೆಗೆ, ಅಂಗಳದ ಡಾಗ್‌ವುಡ್ ಮರ ಹೂ ಬಿಡುವ ಹೊತ್ತಿಗೆ ಅವರು ಹೋದರು. ಕೊನೆಯ ವಾರಗಳಲ್ಲಿ ಮೂರು ಕಂಬಳಿ ಹೊದಿಸಿದರೂ ಚಳಿ ಚಳಿ ಎನ್ನುತ್ತಿದ್ದರು.

ಎರಡು ವರ್ಷ ನಾನು ಕಡ್ಡಿ ಮುಟ್ಟಲಿಲ್ಲ. ಆಮೇಲೆ ಪಕ್ಕದ ಮನೆಯಲ್ಲಿ ಕೂಸು ಹುಟ್ಟಿತು. ಟೋಪಿ ಹಾಕೋಣವೆಂದು ಮನೆಯಲ್ಲಿದ್ದ ಕಡ್ಡಿಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಊರಿನ ಉಣ್ಣೆ ಅಂಗಡಿಗೆ ಹೋದೆ. ಈ ಸಲ ನಂಬರ್ ನಂಬುವುದಿಲ್ಲ, ನೀವೇ ಅಳೆದು ಹೇಳಿ ಅಂದೆ. ಅಂಗಡಿಯಾಕೆ ಸಾಲಾಗಿ ತೂತುಗಳಿದ್ದ ತಗಡು ತೆಗೆದು ಒಂದೊಂದೇ ಕಡ್ಡಿ ತೂರಿಸಿದಳು. ನನ್ನ ಏಳನೇ ನಂಬರ್ ಕಡ್ಡಿ ನಾಲ್ಕೂವರೆಯ ತೂತಿನಲ್ಲಿ ಸರಿಯಾಗಿ ಕೂತಿತು.

ಅದು ಐದೂವರೆ ಇರಬೇಕು ಎಂದೆ. ಆಕೆ ಐದೂವರೆಯ ತೂತಿಗೂ ಹಾಕಿ ತೋರಿಸಿದಳು. ಲೊಡಲೊಡ ಅಲ್ಲಾಡಿತು. ಬ್ರಿಟಿಷ್ ನಂಬರ್, ಅಮೆರಿಕದ ನಂಬರ್ ಒಂದಕ್ಕೊಂದು ಉಲ್ಟಾ ನಿಜ, ಆದರೆ ಏಳರಲ್ಲಿ ಮಾತ್ರ ಎರಡೂ ಒಂದೇ ಎಂದು ಆಕೆ ಸಮಾಧಾನವಾಗಿ ವಿವರಿಸಿದಳು.

ನಾನು ಉಣ್ಣೆ ಕೊಳ್ಳದೆ ಕಾರಿಗೆ ಬಂದು ಕೂತೆ. ಇಪ್ಪತ್ತು ವರ್ಷ ಮಿಲಿಗ್ರಾಂ, ಮಿಲಿಮೀಟರ್ ಎಂದು ಬದುಕಿದ ಮನುಷ್ಯ. ನನ್ನ ಸಾರಿನ ಉಪ್ಪನ್ನೂ ತೂಗಿ ಹಾಕು ಎನ್ನುತ್ತಿದ್ದವರು. ವರ್ನಿಯರ್ ಓದುವುದರಲ್ಲಿ ತಪ್ಪುವವರಲ್ಲ. ಸ್ವೆಟರ್ ಸರಿಯಾಗಿತ್ತು. ಅವರು ಕರಗಿದ್ದರು. ನಾನು ಅದನ್ನು ನೋಡಲಾರೆ ಎಂದು ಅವರಿಗೆ ಗೊತ್ತಿತ್ತು.

ಸಿಟ್ಟು ಬಂತು, ವಿಪರೀತ ಸಿಟ್ಟು. ಸುಳ್ಳು ಹೇಳಿದರು ಎಂದಲ್ಲ. ಮೈ ತುಂಬ ಬೆಚ್ಚಗಿನ ಉಣ್ಣೆ ಇದ್ದದ್ದನ್ನು ಬಿಚ್ಚಿಕೊಟ್ಟು, ನನಗೊಂದು ಕೆಲಸ ಕೊಟ್ಟು, ಎರಡು ತಿಂಗಳು ಚಳಿಯಲ್ಲಿ ನಡುಗಿದರಲ್ಲ ಎಂದು. ದೊಡ್ಡದಾದರೆ ಏನಾಗುತ್ತಿತ್ತು? ಎರಡು ಸುತ್ತು ತೋಳು ಮಡಚಿದ್ದರೆ ಆಗುತ್ತಿತ್ತು.

ಒಂದೇ ತೋಳಿನ ಆ ಸ್ವೆಟರ್ ನನ್ನ ಕಪಾಟಿನಲ್ಲಿದೆ. ಇನ್ನೊಂದು ತೋಳು ಹಾಕಿಲ್ಲ. ಆ ಜನವರಿಯ ಮಧ್ಯಾಹ್ನ ಮೊದಲನೆಯದನ್ನು ಅವರ ತಲೆಯ ಮೇಲಿಂದ ಹಾಕಿದಾಗ, ನಾನಿನ್ನೂ ದೊಡ್ಡದಾಯಿತು ಎಂದು ಬಾಯಿ ತೆರೆಯುವ ಮೊದಲು, ಅವರು ಕಣ್ಣು ಮುಚ್ಚಿಕೊಂಡು ಒಂದು ಮಾತು ಹೇಳಿದ್ದರು. ಹೆಗಲು ಎಲ್ಲಿ ಜಾರಿತು ಎಂದು ನೋಡುತ್ತಿದ್ದ ನಾನು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ.

"ಬೆಚ್ಚಗಿದೆ ಕಣೇ," ಅಂದಿದ್ದರು.